ಲಸಿಕೆ

ಹಳ್ಳಿಯ ಹಿರಿಯರು ಇಂದಿಗೂ ‘ದಾಕು ಹಾಕಿಸು’ ಅನ್ನುತ್ತಾರೆ. ಬರವಣಿಗೆಯಲ್ಲಿ ನೆಲೆನಿಂತದ್ದು ಮಾತ್ರ ‘ಲಸಿಕೆ’. ಮೂಲ ಸಂಸ್ಕೃತದ ‘ಲಸೀಕಾ’. ಆಯುರ್ವೇದದಲ್ಲಿ ಇದು ಚರ್ಮ ಮತ್ತು ಮಾಂಸದ ನಡುವೆ ಇರುವ ನೀರಿನಂಥ ದ್ರವದ ಹೆಸರು. ಸಿಡುಬಿನ ಮದ್ದಿಗೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಹಿಂದೆ ಆ ಮದ್ದಿಗಾಗಿ ಕರುವಿನ ಹೊಟ್ಟೆಯ ಚರ್ಮವನ್ನು ಗೀರಿ, ಅಲ್ಲಿ ಎದ್ದ ಗುಳ್ಳೆಗಳ ರಸವನ್ನು ಕೆರೆದು ತೆಗೆದು, ಗ್ಲಿಸರಿನ್ ಬೆರೆಸಿ ಇಡುತ್ತಿದ್ದರು. ಇಂಗ್ಲಿಷರೂ ಅದನ್ನು ‘ಲಿಂಫ್’ ಎಂದೇ ಕರೆಯುತ್ತಿದ್ದರು.

ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನ ಲಸಿಕಾ ಸಂಸ್ಥೆಯಲ್ಲಿ ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಕೆಲಸ ಕೊಡದೆ ಕಳಿಸಿದ ವೈದ್ಯರು ಅವರು. ನಮ್ಮ ನಾಡಿಗೆ ಬಂದು ಅವರು ಮಾಡಿದ ಸೇವೆಯನ್ನು ಇನ್ನಷ್ಟು ನೆನೆಯಬೇಕಿತ್ತು.

ಆ ದಿನಗಳಲ್ಲಿ ಲಸಿಕೆ ಹಾಕುವುದು ಸುಲಭವಿರಲಿಲ್ಲ. ಬಿಸಿಲಿಗೆ ಕರುವಿನ ರಸ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ಸಿಡುಬನ್ನು ಅಮ್ಮನೆಂದು ಪೂಜಿಸುವ ಮನೆಗಳಲ್ಲಿ ಲಸಿಕೆಯವರನ್ನು ಕಂಡರೆ ಮಕ್ಕಳನ್ನು ಬಚ್ಚಿಡುವುದೂ ಇತ್ತು. ಆದರೂ ಅವರು ಮನೆಮನೆ ಅಲೆದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಸಾರಿತು. ರೋಗ ಹೋದರೂ ಪದ ಬೆಳೆಯಿತು: ನಾಲಿಗೆಗೆ ಬೀಳುವ ಪೋಲಿಯೊ ಹನಿಯೂ, ತೋಳಿಗೆ ಚುಚ್ಚುವ ಕೊರೊನಾ ಮದ್ದೂ ಈಗ ಲಸಿಕೆಯೇ.