ಸೈಕಲ್ ಸ್ಟ್ಯಾಂಡ್ ಎಲ್ಲಿ ಹೋಯ್ತು? ಕೂಕಟ್‌ಪಲ್ಲಿಯಿಂದ ಒಂದು ಸಣ್ಣ ಇತಿಹಾಸ

ಕೂಕಟ್‌ಪಲ್ಲಿ, ನಿಜಾಂಪೇಟೆ, ಮಿಯಾಪುರ ಕಡೆ ಇರೋ ಕನ್ನಡದವರಿಗೆ ಇವತ್ತಿನ ವಿಷಯ ಸ್ವಲ್ಪ ಹತ್ತಿರದ್ದು. ಕೆಪಿಎಚ್‌ಬಿಯಿಂದ ಸೈಬರ್ ಟವರ್ಸ್‌ಗೆ ಇರೋದು ಐದಾರು ಕಿಲೋಮೀಟರ್. ನಿಧಾನವಾಗಿ ತುಳಿದರೂ ಅರ್ಧ ಗಂಟೆ ದಾರಿ. ಆದ್ರೂ ಆಫೀಸಿಗೆ ಸೈಕಲ್ ಅಂದ ತಕ್ಷಣ ಮೂರು ಮಾತು ಬರುತ್ತೆ: ಟ್ರಾಫಿಕ್ಕು, ಬಿಸಿಲು, ಬೆವರು. ನಾಲ್ಕನೇದು ಯಾರೂ ಕೇಳಲ್ಲ: ಅಲ್ಲಿಗೆ ಹೋದ ಮೇಲೆ ಅದನ್ನ ಎಲ್ಲಿ ನಿಲ್ಲಿಸೋದು? ನಮ್ಮ ಅಪ್ಪಂದಿರ ಕಾಲದಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿತ್ತು.

ಮೊದಲು ಈ ಜಾಗವನ್ನೇ ನೋಡೋಣ. ಇವತ್ತು ಇದು ಪಿ.ಜಿ., ಕೋಚಿಂಗ್ ಸೆಂಟರ್, ಮಾಲ್‌ಗಳ ಏರಿಯಾ. ಆದರೆ ಐಟಿಗಿಂತ ಮುಂಚೆ ಇದು ಕಾರ್ಖಾನೆಗಳ ಪಟ್ಟಿ. ಸನತ್‌ನಗರದ ಕಡೆ ಹೈದರಾಬಾದ್ ಆಲ್ವಿನ್ 1942ರಲ್ಲೇ ಶುರುವಾಗಿತ್ತು. ಇಂಡಿಯನ್ ಡಿಟೋನೇಟರ್ಸ್, ಅಂದ್ರೆ ಐಡಿಎಲ್, 1961ರದ್ದು. ಐಡಿಎಲ್ ಕೆರೆಗೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಬಾಲಾನಗರದಲ್ಲಿ ಐಡಿಪಿಎಲ್, ಎಚ್‌ಎಎಲ್. ಹೆದ್ದಾರಿಯಲ್ಲಿ ಮುಂದಕ್ಕೆ ಹೋದರೆ ರಾಮಚಂದ್ರಾಪುರದ ಬಿಎಚ್‌ಇಎಲ್. ಬೀದರಿನಿಂದ ಬಸ್ಸಲ್ಲಿ ಬರೋರಿಗೆ ಈ ಹೆಸರುಗಳೆಲ್ಲ ಸ್ಟಾಪುಗಳಾಗಿ ಗೊತ್ತು.

ಬೆಂಗಳೂರಿನ ಕಥೆಯೂ ಇದೇ ತರಹ. ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಶಿಫ್ಟಿನ ಸೈರನ್ ಆದಾಗ ಗೇಟಿನಿಂದ ಹೊರಗೆ ಹರೀತಾ ಇದ್ದದ್ದು ಸೈಕಲ್ಲುಗಳ ಸಾಲು. ಸಾವಿರಾರು ಜನ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೋಗೋ ಜಾಗದಲ್ಲಿ ಸೈಕಲ್ಲಿಗೆ ಶೆಡ್ ಇಲ್ಲದಿದ್ರೆ ಕೆಲಸ ನಡೆಯಲ್ಲ. ಹಾಗಾಗಿ ಕಾರ್ಖಾನೆ ಕಟ್ಟೋವಾಗಲೇ ಸ್ಟ್ಯಾಂಡಿಗೂ ಜಾಗ ಬಿಡ್ತಿದ್ರು.

ಊರೊಳಗೂ ಒಂದು ವ್ಯವಸ್ಥೆ ಇತ್ತು. ರೈಲ್ವೆ ಸ್ಟೇಷನ್, ಸಿನಿಮಾ ಟಾಕೀಸು, ಸಂತೆ, ಆಸ್ಪತ್ರೆ, ಎಲ್ಲ ಕಡೆ ಸೈಕಲ್ ಸ್ಟ್ಯಾಂಡ್. ನಂಬರ್ ಇರೋ ತಗಡಿನ ಬಿಲ್ಲೆ ಒಂದು ಹ್ಯಾಂಡಲ್ಲಿಗೆ, ಅದೇ ನಂಬರಿನ ಇನ್ನೊಂದು ನಿಮ್ಮ ಕೈಗೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದೊಂದು ಟೋಕನ್ ಅಥೆಂಟಿಕೇಶನ್. ಸರ್ವರ್ ಬೇಡ, ಆ್ಯಪ್ ಬೇಡ. ಕಾಯೋನಿಗೆ ಸಂಪಾದನೆ, ಸೈಕಲ್ಲಿನವನಿಗೆ ನಿಶ್ಚಿಂತೆ. ಪಂಚಾಯ್ತಿ, ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ವರ್ಷದ ಬಿಲ್ಲೆ ಕೊಡ್ತಿದ್ದ ಕಾಲ ಅದು. ತೆರಿಗೆ ಕಟ್ಟೋ ವಾಹನ ಅಂದ್ಮೇಲೆ ಅದಕ್ಕೊಂದು ಜಾಗ ಇತ್ತು, ಮರ್ಯಾದೆಯೂ ಇತ್ತು.

ಹಾಗಾದ್ರೆ ಹೋಗಿದ್ದು ಹೇಗೆ? ಸ್ಟ್ಯಾಂಡ್ ಮುಚ್ಚಿದ್ದಕ್ಕೇ ಜನ ಸೈಕಲ್ ಬಿಟ್ಟರು ಅಂತ ಹೇಳಿದರೆ ತಪ್ಪಾಗುತ್ತೆ. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲ್ ಕುಡಿಯೋ ಬೈಕುಗಳು ಬಂದವು. 1985ರ ಹೀರೋ ಹೋಂಡಾ ಸಿಡಿ 100 ನೆನಪಿಸಿಕೊಳ್ಳಿ. ಊರು ಉದ್ದವಾಯ್ತು, ರಸ್ತೆ ಅಗಲವಾಯ್ತು, ವೇಗ ಹೆಚ್ಚಿತು. ಸ್ಟ್ಯಾಂಡಿನವರಿಗೆ ಬೈಕಿನಿಂದ ಹೆಚ್ಚು ದುಡ್ಡು, ಸೈಕಲ್ ಮೂಲೆಗೆ ಹೋಯ್ತು. ಮೂಲೆಯೂ ಇಲ್ಲ ಅಂದಾಗ ಉಳಿದಿದ್ದ ಸೈಕಲ್ಲಿನವರಿಗೂ ತೊಂದರೆ. 1998ರ ನವೆಂಬರಲ್ಲಿ ಸೈಬರ್ ಟವರ್ಸ್ ಉದ್ಘಾಟನೆ ಆಯ್ತು. ಆಮೇಲೆ ಎದ್ದ ಕಟ್ಟಡಗಳಲ್ಲಿ ಪಾರ್ಕಿಂಗ್ ಅಂದ್ರೆ ಕಾರಿನ ಲೆಕ್ಕ. ನಮ್ಮ ದೇಶದ ಕಟ್ಟಡ ನಿಯಮಗಳಲ್ಲಿ ಬಯಲಲ್ಲಿ ಒಂದು ಕಾರಿಗೆ ಓಡಾಡೋ ದಾರಿ ಸೇರಿ 23 ಚದರ ಮೀಟರ್ ಹಿಡಿಯೋದು ರೂಢಿ. ಒಂದು ಸೈಕಲ್ 1.8 ಮೀಟರ್ ಉದ್ದ, 0.6 ಮೀಟರ್ ಅಗಲ. ದಾರಿ ಬಿಟ್ಟರೂ ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತೆ.

ಆದರೆ ಸೈಕಲ್ ತುಳಿಯೋರು ಈಗ ಎಲ್ಲಿದ್ದಾರೆ ಅಂತೀರಾ? 2011ರ ಜನಗಣತಿಯಲ್ಲಿ ಕೆಲಸಕ್ಕೆ ಹೇಗೆ ಹೋಗ್ತೀರಿ ಅಂತ ಕೇಳಿದ್ರು. ಕೃಷಿ ಮತ್ತು ಮನೆ ಕೈಗಾರಿಕೆ ಬಿಟ್ಟು ಬೇರೆ ಕೆಲಸ ಮಾಡೋರಲ್ಲಿ ಸುಮಾರು 13% ಜನ ಸೈಕಲ್ ಅಂದ್ರು. ಅಂದ್ರೆ ಎರಡೂವರೆ ಕೋಟಿಗೂ ಹೆಚ್ಚು ಮಂದಿ. ಹುಡುಕಬೇಕಾಗಿಲ್ಲ, ಅವರು ನಮ್ಮ ಗೇಟಲ್ಲೇ ಇದ್ದಾರೆ. ನಮ್ಮ ಅಪಾರ್ಟ್‌ಮೆಂಟಿಗೆ ನೈಟ್ ಶಿಫ್ಟಿಗೆ ಬರೋ ಒಬ್ಬ ಸೆಕ್ಯುರಿಟಿ ಅಣ್ಣ ತನ್ನ ಸೈಕಲ್ಲನ್ನ ಹೊರಗಡೆ ಕರೆಂಟ್ ಕಂಬಕ್ಕೆ ಚೈನ್ ಹಾಕಿ ಕಟ್ಟುತ್ತಾನೆ. ರಾತ್ರಿಯಿಡೀ ನಮ್ಮ ಕಾರು ಕಾಯೋನ ಸೈಕಲ್ ಕಾಯೋಕೆ ಯಾರೂ ಇಲ್ಲ. ನಮಗೆ ಸೈಕಲ್ ಕಳೆದರೆ ಬೇಜಾರು. ಅವನಿಗೆ ಕಳೆದರೆ ಕೆಲಸಕ್ಕೇ ಕುತ್ತು.

ಇಲ್ಲಿ ಮೆಟ್ರೋ ಬಂದಿದ್ದು 2017ರ ನವೆಂಬರಲ್ಲಿ, ಮಿಯಾಪುರದಿಂದ ನಾಗೋಲ್‌ವರೆಗೆ 30 ಕಿಲೋಮೀಟರ್. ರೈಲು ಬಂದ ಊರಲ್ಲಿ ಸೈಕಲ್ ಸ್ಟ್ಯಾಂಡಿಗೆ ಏನಾಗುತ್ತೆ ಅನ್ನೋದಕ್ಕೆ ಜಪಾನ್ ನೋಡಿ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಸ್ಟೇಷನ್‌ಗಳ ಮುಂದೆ ಸೈಕಲ್ ರಾಶಿ ಬಿದ್ದು ಫುಟ್‌ಪಾತೇ ಮುಚ್ಚಿಹೋಯ್ತು. ಅವರು ಸೈಕಲ್ ಬೇಡ ಅನ್ನಲಿಲ್ಲ. 1980ರಲ್ಲಿ ನಿಲುಗಡೆಗಾಗಿಯೇ ಒಂದು ಕಾನೂನು ತಂದ್ರು. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ಸ್ಟೇಷನ್ ಕೆಳಗೆ 2019ರಲ್ಲಿ ಪೂರ್ತಿಯಾದ ಸ್ಟ್ಯಾಂಡಲ್ಲಿ 12,500 ಸೈಕಲ್ ಹಿಡಿಯುತ್ತೆ, ಮೊದಲ 24 ಗಂಟೆ ಉಚಿತ. ಮನೆಯಿಂದ ಸ್ಟೇಷನ್ನಿಗೆ ಎರಡು ಕಿಲೋಮೀಟರ್ ಇದ್ದರೆ ನಡೆಯೋಕೆ 25 ನಿಮಿಷ, ಸೈಕಲ್ಲಲ್ಲಿ ಎಂಟು. ಸ್ಟ್ಯಾಂಡ್ ಇದ್ದರೆ ಸ್ಟೇಷನ್ನೇ ಮನೆ ಹತ್ತಿರ ಬಂದ ಹಾಗೆ.

ನಮ್ಮಲ್ಲೂ ಇದು ಗೊತ್ತಿರೋ ವಿಷಯವೇ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಸುರಕ್ಷಿತ ನಿಲುಗಡೆ ಇಲ್ಲದಿರೋದೂ ಸೈಕಲ್ ಬಳಕೆಗೆ ಒಂದು ಅಡ್ಡಿ ಅಂತ ಒಪ್ಪಿಕೊಂಡಿದೆ. ಮೈಸೂರಿನ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್ ಜೊತೆ ಶುರುವಾದಾಗ ಊರಿನ ಉದ್ದಕ್ಕೂ ನಿಲ್ಲಿಸೋ ಕೇಂದ್ರಗಳನ್ನೂ ಕಟ್ಟಿತ್ತು. ಯೋಜನೆ ನಿಂತಿದ್ದೇ ಅದರ ಮೇಲೆ. ಇಲ್ಲಿ ಔಟರ್ ರಿಂಗ್ ರೋಡ್ ಪಕ್ಕ 2023ರ ಅಕ್ಟೋಬರಲ್ಲಿ ಸೋಲಾರ್ ಚಾವಣಿಯ 23 ಕಿಲೋಮೀಟರ್ ಸೈಕಲ್ ದಾರಿ ತೆರೀತು. ಭಾನುವಾರದ ವ್ಯಾಯಾಮಕ್ಕೆ ಬಹಳ ಚೆನ್ನಾಗಿದೆ. ಸೋಮವಾರ ಕೆಲಸಕ್ಕೆ ಹೋಗೋನಿಗೆ ಮಾತ್ರ ದಾರಿಯ ಎರಡೂ ತುದಿಯಲ್ಲಿ ಬೀಗ ಹಾಕೋ ಜಾಗ ಬೇಕು.

ಇದಕ್ಕೆ ಸರ್ಕಾರವನ್ನೇ ಕಾಯಬೇಕಾಗಿಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಮುಂದಿನ ಮೀಟಿಂಗಲ್ಲಿ, ಆಫೀಸಿನ ಫೆಸಿಲಿಟಿ ಟೀಮಿನ ಹತ್ರ ಒಂದೇ ಒಂದು ಕಾರಿನ ಜಾಗ ಕೇಳಿ. ಗೇಟಿನ ಹತ್ತಿರ, ನೆರಳಲ್ಲಿ, ಕ್ಯಾಮೆರಾ ಕಾಣೋ ಕಡೆ. ನೆಲಕ್ಕೆ ಗಟ್ಟಿಯಾಗಿ ಕೂರಿಸಿದ ಕಬ್ಬಿಣದ ಕಮಾನುಗಳು ಸಾಕು, ಚಕ್ರದ ಜೊತೆ ಫ್ರೇಮಿಗೂ ಬೀಗ ಹಾಕೋ ಹಾಗಿರಲಿ. ಬೋರ್ಡಲ್ಲಿ 'ನಿವಾಸಿಗಳಿಗೆ ಮಾತ್ರ' ಅಂತ ಬರೀಬೇಡಿ. ಮೊದಲ ದಿನ ಅಲ್ಲಿ ನಿಲ್ಲೋ ಸೈಕಲ್ ನಿಮ್ಮದಾಗಿರಲಿಕ್ಕಿಲ್ಲ, ಆ ಸೆಕ್ಯುರಿಟಿ ಅಣ್ಣನದ್ದಾಗಿರುತ್ತೆ.