ಮರಾಕೆಶ್‌ನ ಸಹಿ, ಪಟಾನ್‌ಚೆರುವಿನ ಮದ್ದು

ಬೀದರಿನಿಂದ ಬಂದು ಲಿಂಗಂಪಲ್ಲಿಯಲ್ಲಿ ನೆಲೆಸಿದ ನನ್ನಂಥವರಿಗೆ ಅನ್ನ ಕೊಟ್ಟದ್ದು ಪಕ್ಕದ ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳು. ಸೆಂಟ್ರಿಫ್ಯೂಜ್‌ನಿಂದ ಒದ್ದೆ ಪುಡಿ ತೆಗೆದು, ತಟ್ಟೆಗಳಲ್ಲಿ ಹರವಿ, ಡ್ರೈಯರ್‌ಗೆ ಇಡುತ್ತಿದ್ದೆ. ಎಷ್ಟು ಒಗೆದರೂ ಅಂಗಿಯ ಘಾಟು ಹೋಗುತ್ತಿರಲಿಲ್ಲ.

ಈ ಉದ್ಯಮದ ಬೇರು 1970ರ ಪೇಟೆಂಟ್ ಕಾಯ್ದೆಯಲ್ಲಿದೆ. 1972ರಲ್ಲಿ ಜಾರಿಯಾದ ಅದು ಔಷಧಕ್ಕಲ್ಲ, ತಯಾರಿಸುವ ವಿಧಾನಕ್ಕಷ್ಟೇ ಪೇಟೆಂಟ್ ಕೊಟ್ಟಿತು. ಬೇರೆ ವಿಧಾನದಲ್ಲಿ ಅದೇ ಮದ್ದು ಮಾಡಲು ಅಡ್ಡಿಯಿರಲಿಲ್ಲ. ಹೈದರಾಬಾದಿನ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್‌ನಲ್ಲಿ ಪಳಗಿದವರು ಹೊರಬಂದು ಸ್ವಂತ ಕಂಪನಿ ಕಟ್ಟಿದರು, 1984ರಲ್ಲಿ ಡಾ. ರೆಡ್ಡೀಸ್ ಶುರು ಮಾಡಿದ ಅಂಜಿ ರೆಡ್ಡಿ ಅವರಲ್ಲೊಬ್ಬರು. ಕಾರ್ಖಾನೆಗಳ ತ್ಯಾಜ್ಯದಿಂದ ಇಲ್ಲಿನ ನಕ್ಕವಾಗು ಹಳ್ಳ ಕೆಟ್ಟು ರೈತರ ಹೊಲಗಳು ಹಾಳಾದದ್ದೂ ಇದೇ ಚರಿತ್ರೆ, ಅದನ್ನು ಮುಚ್ಚಿಡಬಾರದು.

1994ರಲ್ಲಿ ಮೊರಾಕ್ಕೋದ ಮರಾಕೆಶ್‌ನಲ್ಲಿ ಭಾರತ ಸಹಿ ಹಾಕಿದ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಒಪ್ಪಂದದೊಳಗಿನ ಬೌದ್ಧಿಕ ಆಸ್ತಿಯ ಕರಾರು ಟ್ರಿಪ್ಸ್, ಔಷಧಕ್ಕೂ 20 ವರ್ಷದ ಪೇಟೆಂಟ್ ಕೊಡಬೇಕೆಂದಿತು. 2005ರಲ್ಲಿ ಸಂಸತ್ತು ಕಾಯ್ದೆ ಬದಲಿಸಿತು. ಆದರೂ ಪೂರ್ತಿ ತಲೆಬಾಗಲಿಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ: ಹಳೆಯ ಮದ್ದಿನ ಹೊಸ ರೂಪ ಹೆಚ್ಚು ಗುಣಕಾರಿಯಾಗದಿದ್ದರೆ ಪೇಟೆಂಟ್ ಇಲ್ಲ ಎಂದು 3(ಡಿ) ಕಲಮು ಹೇಳಿತು. ಅದನ್ನೇ ಹಿಡಿದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ರಕ್ತದ ಕ್ಯಾನ್ಸರಿನ ಮದ್ದು ಗ್ಲಿವೆಕ್‌ಗೆ ನೊವಾರ್ಟಿಸ್ ಕೇಳಿದ್ದ ಪೇಟೆಂಟ್ ನಿರಾಕರಿಸಿತು.