ದಾನವೂ ಕರವೂ: ತುಳುನಾಡಿನ ಷಡ್ಭಾಗದ ವಿಚಾರ

ಐಶ್ವರ್ಯವಂತರಿಂದ ರಾಜ್ಯವು ಹೆಚ್ಚಿನ ಕರವನ್ನು ಪಡೆಯಬೇಕೆಂಬ ವಾದವು ಪಾಶ್ಚಾತ್ಯರಿಂದ ಬಂದ ಹೊಸ ಮತವೆಂದು ಕೆಲವರು ತಿಳಿದಿರುವರು. ನಮ್ಮಲ್ಲಿ ಧನಿಕನು ದಾನದಿಂದಲೇ ತನ್ನ ಋಣವನ್ನು ತೀರಿಸುತ್ತಿದ್ದನು. ಅರಸನು ಎಲ್ಲರಿಂದಲೂ ಸಮವಾಗಿ ಷಡ್ಭಾಗವನ್ನು ಮಾತ್ರ ತೆಗೆದುಕೊಳ್ಳುತ್ತಿದ್ದನು. ಇದಕ್ಕಿಂತ ಹೆಚ್ಚಿನ ನ್ಯಾಯವು ಬೇಕಿರಲಿಲ್ಲ ಎಂಬುದು ಅವರ ಪಕ್ಷ. ಈ ಪಕ್ಷವನ್ನು ಮೂಡಬಿದಿರೆ, ಬೆಳ್ತಂಗಡಿ, ಬಂಟವಾಳಗಳ ಪ್ರಾಂತದ ಇತಿಹಾಸದೊಡನೆ ಒರೆಹಚ್ಚಿ ನೋಡುವುದೇ ಈ ಲೇಖನದ ಉದ್ದೇಶವು.

ಮೊದಲು ದಾನದ ವಿಚಾರ. ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯು ಕ್ರಿ.ಶ. 1430ರಲ್ಲಿ ಕಟ್ಟಲ್ಪಟ್ಟಿತು. ಸಾವಿರ ಕಂಬದ ಬಸದಿಯೆಂದು ಲೋಕಪ್ರಸಿದ್ಧವಾದ ಈ ಕಟ್ಟಡಕ್ಕೆ ಆ ಊರಿನ ಸೆಟ್ಟರ ವ್ಯಾಪಾರಸಂಪತ್ತು ನೆರವಾಯಿತು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಅಜಿಲ ವಂಶದ ತಿಮ್ಮರಾಜನು 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದನು. ಇಂಥ ಔದಾರ್ಯವನ್ನು ಯಾರು ತಾನೆ ಕೊಂಡಾಡದಿರುವರು? ಆದರೂ ಒಂದು ಭೇದವನ್ನು ಮರೆಯಲಾಗದು. ದಾನದಲ್ಲಿ ಎಷ್ಟು, ಯಾವಾಗ, ಯಾರಿಗೆ ಎಂಬ ಮೂರೂ ದಾತನ ಇಚ್ಛೆಗೆ ಸೇರಿದುವು. ಕರದಲ್ಲಿ ಈ ಮೂರೂ ಧರ್ಮದಿಂದ ನಿಯತವಾದುವು. ಮೇಲಾಗಿ, ಭೂಮಿಯನ್ನು ಸರ್ವಮಾನ್ಯವಾಗಿ ಬಿಟ್ಟಾಗ ಅರಸನಿಗೆ ಸಲ್ಲತಕ್ಕ ಪಾಲು ದೇವಸ್ಥಾನಕ್ಕೆ ಸಲ್ಲುವುದೇ ಹೊರತು, ಉಳುವವನು ಅಳೆದುಕೊಡುವ ಭತ್ತವು ಅದರಿಂದ ಕಡಮೆಯಾಗುವುದಿಲ್ಲ.

ಇನ್ನು ಕರದ ವಿಚಾರ. 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ವಿಜಯನಗರದ ಹರಿಹರರಾಯನ ಕಾಲದ್ದೆಂದು ಈ ನಾಡಿನಲ್ಲಿ ನಂಬಲಾಗಿದ್ದ ಒಂದು ಕ್ರಮವನ್ನು ಬರೆದಿಟ್ಟಿರುವನು. ಅದರಂತೆ ಬೆಳೆಯನ್ನು 30 ಪಾಲು ಮಾಡಿದರೆ, ಉಳುವವನಿಗೆ 15, ಭೂಮಿಯ ಒಡೆಯನಿಗೆ ಏಳೂವರೆ, ಅರಸನಿಗೆ 5, ಬ್ರಾಹ್ಮಣರಿಗೆ ಒಂದೂವರೆ, ದೇವರಿಗೆ 1. ಅರಸನ 5 ಪಾಲೇ ಶಾಸ್ತ್ರೋಕ್ತವಾದ ಷಡ್ಭಾಗವು.

ಈ ಲೆಕ್ಕವು ನೋಡುವುದಕ್ಕೆ ಸಮವಾಗಿದೆ. ಆದರೆ ಫಲವು ಸಮವಲ್ಲ. 30 ಮುಡಿ ಬೆಳೆಯುವ ಒಂದು ಗದ್ದೆಯನ್ನು ಭಾವಿಸಿರಿ. ಉಳುವವನು ತನ್ನ 15 ಮುಡಿಗಳಲ್ಲಿಯೇ ಬೀಜ, ಎತ್ತು, ಗೊಬ್ಬರ, ಆಳುಗಳ ವೆಚ್ಚವನ್ನು ನೀಗಿಸಿ, ಉಳಿದುದರಿಂದ ಸಂಸಾರವನ್ನು ನಡೆಯಿಸಬೇಕು. ಅಂಥ 100 ಗದ್ದೆಗಳುಳ್ಳ ಒಡೆಯನಿಗಾದರೋ ನೇಗಿಲನ್ನು ಮುಟ್ಟದೆಯೇ 750 ಮುಡಿಗಳು ಸೇರುವುವು. ಅರಸನ ಪಾಲು ಗದ್ದೆಯೊಂದಕ್ಕೆ ಇಷ್ಟೆಂದು ನಿಂತುಬಿಡುವುದು. ಒಡೆಯನ ಕಣಜವು ಎಷ್ಟು ದೊಡ್ಡದೆಂದು ಅದು ಕೇಳುವುದೇ ಇಲ್ಲ. ನೂರು ಗದ್ದೆಯವನಿಗೂ ಒಂದು ಗದ್ದೆಯವನಿಗೂ ಪ್ರಮಾಣವೊಂದೇ. ಭಾರವು ಮಾತ್ರ ಒಂದೇ ಅಲ್ಲ.

ಕಂಪೆನಿಯ ಆಳಿಕೆಯಲ್ಲಿ ಈ ವೈಷಮ್ಯವು ಇನ್ನೂ ಬಲಿಯಿತು. ಕಂದಾಯವು ನಗದಿನಲ್ಲಿ ನಿಗದಿಯಾಗಿದ್ದುದರಿಂದ, ಅಕ್ಕಿಯ ಬೆಲೆಯೇರಿದಾಗ ಲಾಭವು ಗೇಣಿಯನ್ನು ಅಕ್ಕಿಯಲ್ಲಿಯೇ ಪಡೆಯುತ್ತಿದ್ದ ವರ್ಗದಾರನಿಗಾಯಿತು. ಬೆಲೆಯಿಳಿದಾಗ ಸಣ್ಣ ರೈತನು ಸಾಲಗಾರನಾದನು. ಮೂಲಗೇಣಿಯವನಿಗೆ ಸ್ಥಿರವಾದ ಹಕ್ಕಾದರೂ ಇತ್ತು. ಚಾಲಗೇಣಿಯವನನ್ನು ಒಡೆಯನು ಎಬ್ಬಿಸಬಹುದಾಗಿತ್ತು. 1834ರಲ್ಲಿ ಕೊಡಗಿನಿಂದ ಬೇರ್ಪಟ್ಟು ಕೆನರಾಕ್ಕೆ ಸೇರಿದ ಅಮರ-ಸುಳ್ಯ ಪ್ರಾಂತದಲ್ಲಿ, ಧಾನ್ಯದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಗದಿನಲ್ಲಿ ಕೇಳಿದುದು ಅಸಂತೋಷಕ್ಕೆ ಕಾರಣವಾಯಿತು. 1837ರ ದಂಗೆಯು ಅಲ್ಲಿ ಮೊದಲಾಗಿ, ಬಂಟವಾಳವನ್ನು ಹಾದು ಮಂಗಳೂರನ್ನು ಹಿಡಿಯಿತು. ತೆರುವವನ ಶಕ್ತಿಯನ್ನು ನೋಡದ ತೆರಿಗೆಯು ರಾಜ್ಯಕ್ಕೂ ಕ್ಷೇಮಕರವಲ್ಲವೆಂಬುದಕ್ಕೆ ಇದೇ ನಿದರ್ಶನವು.

ಶಾಸ್ತ್ರಕಾರರು ಈ ಶಕ್ತಿಭೇದವನ್ನು ಅರಿಯದವರಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ, ಬೊಕ್ಕಸವು ಬರಿದಾದಾಗ ಆಢ್ಯರನ್ನು ಅವರವರ ಸಾರಕ್ಕೆ ತಕ್ಕಂತೆ ಹೊನ್ನನ್ನು ಬೇಡಬೇಕೆಂದೂ, ಮಧ್ಯಮ ಮತ್ತು ಕನಿಷ್ಠ ಭೂಮಿಯಿಂದ ಅದರ ಸಾರವನ್ನರಿತು ಕೇಳಬೇಕೆಂದೂ ವಿಧಿಸಿರುವನು. ಇದು ಆಪದ್ಧರ್ಮ, ಒಮ್ಮೆ ಮಾತ್ರ ಪ್ರಯೋಗಿಸತಕ್ಕುದು ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ನಿಜ. ಅದೇ ಅಧ್ಯಾಯದಲ್ಲಿ ಕಪಟೋಪಾಯಗಳಿಂದ ಧನವನ್ನು ಸೆಳೆಯುವ ಬಗೆಗಳೂ ಹೇಳಲ್ಪಟ್ಟಿವೆ, ಅವು ಗ್ರಾಹ್ಯವಲ್ಲ. ಆದರೆ ಆಪತ್ತು ಪ್ರಯೋಗಕ್ಕೆ ನಿಮಿತ್ತವೇ ಹೊರತು ಅಳತೆಗೆ ಕಾರಣವಲ್ಲ. ಸಾರವನ್ನು ನೋಡಿ ಕೇಳುವುದು ಆಪತ್ತಿನಲ್ಲಿ ನ್ಯಾಯವಾದರೆ ಶಾಂತಿಯಲ್ಲಿ ಅನ್ಯಾಯವಾಗುವುದೆಂತು? ಅದು ಅರಸನ ಮರ್ಜಿಯಿಂದಲ್ಲದೆ ಎಲ್ಲರಿಗೂ ತಿಳಿದ ಶಾಸನದಿಂದ ನಡೆಯಬೇಕೆಂಬುದಷ್ಟೇ ಆಕ್ಷೇಪದಿಂದ ಸಿದ್ಧವಾಗುವುದು.

ಸ್ವತಂತ್ರ ಭಾರತವು ಈ ಮಾರ್ಗವನ್ನು ಹಿಡಿದಿತ್ತು. 1953ರಲ್ಲಿ ಮೃತರ ಆಸ್ತಿಯ ಮೇಲೆ, 1957ರಲ್ಲಿ ಸಂಪತ್ತಿನ ಮೇಲೆ ತೆರಿಗೆಗಳು ಬಂದುವು. ಮೊದಲನೆಯದು 1985ರಲ್ಲಿ, ಎರಡನೆಯದು 2015ರಲ್ಲಿ ರದ್ದಾದುವು. ಈ ನಡುವೆ, 1974ರ ಮಾರ್ಚಿ 1ರಂದು ಜಾರಿಗೆ ಬಂದ ಕರ್ನಾಟಕ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಯು ಸರಕಾರಕ್ಕೆ ಸೇರಿ, ದಕ್ಷಿಣ ಕನ್ನಡದ ಬಹುಮಂದಿ ಗೇಣಿದಾರರು ಒಡೆಯರಾದರು. ಒಡೆಯನ ಏಳೂವರೆ ಪಾಲಿನ ಪ್ರಶ್ನೆಯು ಹೀಗೆ ಮುಗಿಯಿತು. ಆದರೆ ಈಗಿನ ದೊಡ್ಡ ಸಂಪತ್ತು ಗದ್ದೆಯಲ್ಲಿಲ್ಲ. ಷೇರು, ಕಟ್ಟಡ, ವ್ಯಾಪಾರಗಳಲ್ಲಿದೆ. ಆದಾಯಕ್ಕೆ ತೆರಿಗೆಯುಂಟು, ಕೂಡಿಟ್ಟ ಸಂಪತ್ತಿಗೆ ವರ್ಷವರ್ಷವೂ ಸಲ್ಲುವ ತೆರಿಗೆಯಿಲ್ಲ.

ಆದುದರಿಂದ ಸಿದ್ಧಾಂತವಿಷ್ಟು. ದಾನವು ದಾತನ ಗುಣವನ್ನು ತೋರಿಸುವುದು. ಕರವು ಸಮಾಜದ ಹಕ್ಕನ್ನು ಸಾಧಿಸುವುದು. ಒಂದು ಮತ್ತೊಂದರ ಸ್ಥಾನದಲ್ಲಿ ನಿಲ್ಲಲಾರದು. ಹೆಚ್ಚುಳ್ಳವನಿಂದ ಹೆಚ್ಚಿನ ಪ್ರಮಾಣದಲ್ಲಿ ಪಡೆಯುವುದು ಷಡ್ಭಾಗಕ್ಕೆ ವಿರೋಧವಲ್ಲ, ಅದರ ನ್ಯಾಯದ ಪೂರ್ತಿಯೇ ಆಗಿರುವುದು.